ದೊಡ್ಡಮ್ಮನ ‘ಸಿ’ ರಿಪೋರ್ಟು

ನಮ್ಮ ಮನೆಯಲ್ಲಿ ಕಳ್ಳತನವೇ ಆಗುವುದಿಲ್ಲ ಎಂಬುದು ನಮ್ಮ ದೊಡ್ಡಮ್ಮನ ಬಾಳಿನ ಬಹುದೊಡ್ಡ ಕೊರಗು. ಬೇರೆಯವರ ದೊಡ್ಡಮ್ಮಂದಿರು ಬಾಗಿಲಿಗೆ ಎರಡೆರಡು ಚಿಲಕ ಹಾಕುತ್ತಾರೆ. ನಮ್ಮವರು ಹಿತ್ತಿಲ ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ಹೊಸ್ತಿಲ ಮೇಲೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿ, ಬೆಳಗ್ಗೆ ಎದ್ದವರೇ ಹೆಜ್ಜೆಗುರುತು ಮೂಡಿದೆಯೇ ಎಂದು ಬಗ್ಗಿ ನೋಡುತ್ತಾರೆ. ಇದುವರೆಗೆ ಒಂದು ಸಲ ಬೆಕ್ಕಿನದು ಮೂಡಿದೆ, ಎರಡು ಸಲ ನಮ್ಮಪ್ಪನದು. ಅಪ್ಪ ತಪ್ಪೊಪ್ಪಿಕೊಂಡಿದ್ದಾರೆ. ಬೆಕ್ಕು ಇನ್ನೂ ಬಾಯಿ ಬಿಟ್ಟಿಲ್ಲ.

ನಾನು ಅವರ ಮೈದುನನ ಮಗಳು. ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ ಮತ್ತು ನಾನು ಗುಂಡ್ಲುಪೇಟೆಯ ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡು ಬದುಕುತ್ತಿದ್ದೇವೆ. ಒಟ್ಟು ಐದು ಜನ. ದೊಡ್ಡಮ್ಮನ ಲೆಕ್ಕದಲ್ಲಿ ನಾಲ್ವರು ಶಂಕಿತರು ಮತ್ತು ಒಬ್ಬರು ತನಿಖಾಧಿಕಾರಿ.

ಮೊದಲು ಹೀಗಿರಲಿಲ್ಲ. ಐವತ್ತೇಳು ವರ್ಷ ಅವರು ಎಲ್ಲರ ಹಾಗೆಯೇ ಇದ್ದರು. ಒಂದು ದಿನ ಸಂತೆಯಿಂದ ಹೂ ಸುತ್ತಿ ತಂದ ಪೇಪರನ್ನು ಬಿಡಿಸಿದಾಗ ಅದರಲ್ಲೊಂದು ಪ್ರಕಟಣೆ ಸಿಕ್ಕಿತು. ಚಾಮರಾಜನಗರದ ಸಮುದಾಯ ಕಾಲೇಜೊಂದರಲ್ಲಿ ಅಪರಾಧ ತನಿಖೆಯ ಸರ್ಟಿಫಿಕೇಟ್ ಕೋರ್ಸು. ವಾರಕ್ಕೆ ಮೂರು ಮಧ್ಯಾಹ್ನ ಪಾಠ. ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು, ವಯಸ್ಸಿನ ಮಿತಿಯಿಲ್ಲ. ಆ ಕೊನೆಯ ಸಾಲಿನ ಕೆಳಗೆ ದೊಡ್ಡಮ್ಮ ಅರಿಶಿನದ ಬೆರಳಿನಿಂದಲೇ ಗೆರೆ ಎಳೆದರು. ದೊಡ್ಡಪ್ಪನದು ಅರಿಶಿನದ ವ್ಯಾಪಾರ. ನಮ್ಮ ಮನೆಯಲ್ಲಿ ಕೆಂಪು ಶಾಯಿಗಿಂತ ಅದು ಬೇಗ ಕೈಗೆ ಸಿಗುತ್ತದೆ.

ದೊಡ್ಡಪ್ಪ ಪೇಪರನ್ನು ದೂರ ಹಿಡಿದು ಓದಿ, “ಈ ವಯಸ್ಸಲ್ಲಿ ಯಾರ್ನ ಹಿಡಿಯಕ್ಕೆ ಓಯ್ತೀಯೆ?” ಎಂದರು.

“ಸಿಕ್ಕೋರ್ನ.”

“ನಲವತ್ತು ವರ್ಷದಿಂದ ನನ್ನ ಹಿಡ್ಕಂಡಿದ್ದೀಯಲ್ಲ, ಸಾಲ್ದಾ?”

“ನಿಮ್ದು ಸಾಕ್ಷಿ ಸಮೇತ ಸಿಕ್ಕಿದ್ ಕೇಸು. ಅದ್ರಲ್ಲಿ ತನಿಖೆ ಮಾಡಕ್ಕೆ ಏನದೆ?”

ಇನ್ನೇನು ಹೇಳುತ್ತಾರೆ ಪಾಪ! ಅರ್ಜಿಗೆ ಸಾಕ್ಷಿ ಸಹಿ ಹಾಕಿ ಮಂಡಿಗೆ ಹೊರಟರು.

ಚಾಮರಾಜನಗರದಲ್ಲೇ ಒಂದು ಪದವಿ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ. ಹಾಗಾಗಿ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಅವರ ಪಕ್ಕದ ಸೀಟು ನನ್ನದಾಯಿತು. ಮೊದಲ ದಿನ ಅವರು ತರಗತಿಗೆ ಕಾಲಿಟ್ಟಾಗ ಹದಿನೇಳು ಹುಡುಗರು ಧಡಕ್ಕನೆ ಎದ್ದು ನಿಂತರಂತೆ. ಎಲ್ಲರೂ ಪೊಲೀಸ್ ಪರೀಕ್ಷೆಗೆ ಓದುತ್ತಿರುವವರು, ಹೊಸ ಮೇಡಂ ಬಂದರೆಂದುಕೊಂಡರು. ದೊಡ್ಡಮ್ಮ ಮುಂದಿನ ಬೆಂಚಿನಲ್ಲಿ ಕೂತು ಚೀಲದಿಂದ ನೋಟ್‌ಬುಕ್ಕು ತೆಗೆದರು. ಸಂತೆಮರಹಳ್ಳಿಯ ಒಬ್ಬ ಧೈರ್ಯ ಮಾಡಿ, “ಅಮ್ಮ, ನಿಮ್ಮ ಮಗ ಯಾವ ಬ್ಯಾಚು?” ಎಂದು ಕೇಳಿದ. “ನಾನೇ ಕಣಪ್ಪ ಬ್ಯಾಚು. ಸ್ವಲ್ಪ ಸರ್ಕ,” ಎಂದರಂತೆ.

ಪಾಠ ಮಾಡುವವರು ನಿವೃತ್ತ ಸಬ್ ಇನ್‌ಸ್ಪೆಕ್ಟರ್. ಅವರ ಮೊದಲ ಪಾಠ: ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಬರೆದುಕೊಳ್ಳಿ. ದೊಡ್ಡಮ್ಮನಿಗೆ ಮನಸ್ಸಿನಲ್ಲಿ ಬರೆಯುವುದು ಅಭ್ಯಾಸವಿಲ್ಲ. ಅವರು ಬಾಯಲ್ಲಿ ಬರೆಯುತ್ತಾರೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕಿವಿಗೆ ಬಾಯಿಟ್ಟು, “ಎಡಗಡೆ, ಮೂರನೇ ಸೀಟು. ಗಂಡಸು. ಅಂದಾಜು ಐವತ್ತು. ಕೋಲು ಮುಖ. ಬಲಗಿವೀಲಿ ಕೂದ್ಲು. ಚೀಲದಲ್ಲಿ ಏನೋ ಅದೆ, ಬಾಳೆಕಾಯಿ ಅಂತ ನಂಬುಸ್ತಾ ಅವ್ನೆ,” ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಡ್ರೈವರಿಗೂ ಕೇಳಿಸುವಂಥದ್ದು. ಮೂರನೇ ಸೀಟಿನವರು ನಿಧಾನವಾಗಿ ಇತ್ತ ತಿರುಗಿದರು.

“ಅಕ್ಕ, ನಾನು ಭೀಮನಬೀಡಿನೋನು. ನಿಮ್ ತಮ್ಮನ ಮನೆ ಎದುರ್ಗಡೆ. ಚೀಲದಲ್ಲಿರೋದು ಬಾಳೆಕಾಯೇ. ಬಿಚ್ಚಿ ತೋರ್ಸ್ಲಾ?”

ನನಗೆ ಕಿಟಕಿಯಿಂದ ಧುಮುಕಬೇಕೆನಿಸಿತು. ದೊಡ್ಡಮ್ಮ ನೋಟ್‌ಬುಕ್ಕಿನಲ್ಲಿ ‘ಸ್ವಯಂಪ್ರೇರಿತ ಹೇಳಿಕೆ’ ಎಂದು ಬರೆದು, ಎರಡು ಬಾಳೆಕಾಯಿಯನ್ನೂ ಇಸಿದುಕೊಂಡರು.

ನಿಜವಾದ ಅನಾಹುತ ಶುರುವಾದದ್ದು ಬೆರಳಚ್ಚಿನ ಪಾಠದಿಂದ. ನಮ್ಮ ಐವರ ಐವತ್ತು ಬೆರಳುಗಳೂ ಸ್ಟ್ಯಾಂಪ್ ಪ್ಯಾಡಿನ ಮೇಲೆ ಹೊರಳಿದವು. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಅಚ್ಚು ಮೂಡಿಸಿ, ಹೆಸರು ಬರೆದು, ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸಿದರು. ನನ್ನ ಬಲಗೈ ನಡುಬೆರಳೆಂದರೆ ಅವರಿಗೆ ವಿಶೇಷ ಹೆಮ್ಮೆ. ಚಿಕ್ಕಂದಿನಲ್ಲಿ ಈಳಿಗೆಮಣೆ ತಾಗಿದ ಗಾಯ ಅದರ ಸುರುಳಿಯನ್ನು ನಟ್ಟನಡುವೆ ಸೀಳಿದೆ. “ಇಂಥ ಬೆರಳು ಇಡೀ ಜಿಲ್ಲೇಲಿ ಇನ್ನೊಂದಿಲ್ಲ ಕಣಮ್ಮಿ. ನೀನು ಕಳ್ಳಿ ಆದ್ರೆ ಒಂದೇ ನಿಮಿಷಕ್ಕೆ ಹಿಡ್ದ್ಬುಡ್ತೀನಿ,” ಎಂದು ಪ್ರೀತಿಯಿಂದ ಹೇಳುತ್ತಿದ್ದರು.

ಅಚ್ಚು ಎದ್ದು ಕಾಣಲು ಅದರ ಮೇಲೆ ಉದುರಿಸುವ ಪುಡಿ ಬೇಕಲ್ಲ? ಕಾಲೇಜಿನ ಪುಡಿ ಕಾಲೇಜಿನಲ್ಲೇ ಇರುತ್ತದೆ. ದೊಡ್ಡಮ್ಮ ದೇವರ ಗೂಡಿನಿಂದ ಒಂದು ವಿಭೂತಿ ಗಟ್ಟಿ ತಂದು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ದೊಡ್ಡಪ್ಪನ ಕ್ಷೌರದ ಬ್ರಷ್ಷಿನಿಂದ ನಮ್ಮ ಕಪ್ಪುಗೆಂಪು ಫ್ರಿಜ್ಜಿಗೆ ಸವರಿದರು. ನಿಜ ಹೇಳಬೇಕೆಂದರೆ ಅಚ್ಚುಗಳು ಎಷ್ಟು ಚೆನ್ನಾಗಿ ಎದ್ದವೆಂದರೆ ಅಮ್ಮನೂ ಒಂದು ಕ್ಷಣ ಸೌಟು ಹಿಡಿದುಕೊಂಡೇ ನೋಡುತ್ತ ನಿಂತರು. ಆಮೇಲೆ ಅವರಿಗೆ ಎಚ್ಚರವಾಯಿತು.

“ಶಿವನ ಹಣೆಗೆ ಹಚ್ಚೋದ್ನ ಫ್ರಿಜ್ಜಿಗೆ ಹಚ್ತೀಯಲ್ಲಕ್ಕ.”

“ಅವ್ನು ಎಲ್ಲಾ ಕಡೇನೂ ಅವ್ನೆ ಅಂತೀಯ. ಫ್ರಿಜ್ಜಲ್ಲಿ ಇರಕ್ಕಿಲ್ವಾ?”

ವಾರದೊಳಗೆ ಗ್ರೈಂಡರು, ಬೀರು, ಟಿವಿ, ಎಲ್ಲಕ್ಕೂ ವಿಭೂತಿಯ ಧಾರಣೆಯಾಯಿತು. ಆ ಭಾನುವಾರ ಮನೆಗೆ ಬಂದ ನೆಂಟರೊಬ್ಬರು ಚಪ್ಪಲಿ ಬಿಟ್ಟು, ಫ್ರಿಜ್ಜಿಗೆ ಕೈಮುಗಿದು ಒಳಗೆ ಬಂದರು.

ಇನ್ನೊಂದು ಮಧ್ಯಾಹ್ನ ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕೆ ಹರಿಯಿತು. ಅಮ್ಮ ಒರಸಲು ಬಟ್ಟೆ ಎತ್ತಿಕೊಂಡಿದ್ದೇ ತಡ, ದೊಡ್ಡಮ್ಮ ಅಡುಗೆಮನೆಯ ಬಾಗಿಲಿಗೆ ಚೆಂಡುಹೂವಿನ ದಾರ ಅಡ್ಡ ಕಟ್ಟಿದರು. ಸ್ಥಳವನ್ನು ಮುಟ್ಟಬಾರದು. ಒರಸುವುದಂತೂ ಮಹಾಪಾಪ. “ಒರಸಿದ ಕೈ ಸಾಕ್ಷಿ ಕೊಂದ ಕೈ” ಎಂದು ಅವರ ಮೇಷ್ಟ್ರು ಹೇಳಿದ್ದರಂತೆ.

“ಹಾಲು ಎಷ್ಟ್ ಗಂಟೆಗೆ ಉಕ್ತು?”

“ಉಕ್ಕೋ ಹಾಲು ಗಡಿಯಾರ ನೋಡ್ಕಂಡು ಉಕ್ತದಾ ಅಕ್ಕ?”

“ಆಗ ನೀನೆಲ್ಲಿದ್ದೆ?”

“ನಿನ್ ಜೊತೇಲೇ ಇದ್ನಲ್ಲ. ಬಟ್ಟೆ ಮಡಿಸ್ತಾ ಇದ್ವಿ.”

ತನಿಖಾಧಿಕಾರಿಯೇ ಸಾಕ್ಷಿಯಾದ್ದರಿಂದ ಪ್ರಕರಣ ಜಟಿಲವಾಯಿತು. ಅಂದು ನಾವು ಉಂಡದ್ದು ಬಸ್ ಸ್ಟ್ಯಾಂಡಿನ ಹೋಟೆಲಿನ ತಟ್ಟೆ ಇಡ್ಲಿ.

ಇಷ್ಟೆಲ್ಲ ಹುಡುಗಾಟ ಅನ್ನಿಸಬಹುದು. ದೊಡ್ಡಮ್ಮನಿಗೆ ಹುಡುಗಾಟವಾಗಿರಲಿಲ್ಲ. ಕೋರ್ಸಿನ ಕೊನೆಗೆ ಪ್ರತಿಯೊಬ್ಬರೂ ಸುತ್ತಮುತ್ತ ನಿಜವಾಗಿ ನಡೆದ ಒಂದು ಪುಟ್ಟ ಘಟನೆಯನ್ನು ತನಿಖೆ ಮಾಡಿ, ಕೇಸ್ ಡೈರಿ ಬರೆದು ಒಪ್ಪಿಸಬೇಕಿತ್ತು. ಒಟ್ಟು ಅಂಕ ಅರವತ್ತು ದಾಟಿದರೆ ಮಾತ್ರ ಮುಂದಿನ ವರ್ಷದ ಡಿಪ್ಲೊಮಾಕ್ಕೆ ಸೀಟು. ಡಿಪ್ಲೊಮಾದವರನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕರೆದೊಯ್ಯುತ್ತಾರೆ. ಅಲ್ಲೊಂದು ಸೂಕ್ಷ್ಮದರ್ಶಕವಿದೆ, ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ಒಂದೇ ನೋಟಕ್ಕೆ ತೋರಿಸುತ್ತದೆ. ಅದರ ಚಿತ್ರವನ್ನು ದೊಡ್ಡಮ್ಮ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಕೊಂಡಿದ್ದರು. ನಮ್ಮ ಮನೆಯಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ‘ಶ್ರೀ’ ಬರೆಯುತ್ತಾರೆ. ಲಿಖಿತ ಪರೀಕ್ಷೆಯಲ್ಲಿ ಇಂಗ್ಲಿಷ್ ಪದಗಳು ಕೈಕೊಟ್ಟು ಅವರಿಗೆ ಅಂಕ ಸಾಲದಾಗಿತ್ತು. ಕೇಸು ಪತ್ತೆಯಾದರೆ ಅರವತ್ತು ದಾಟುತ್ತದೆ, ಇಲ್ಲವಾದರೆ ಇಲ್ಲ.

ಆದರೆ ಕೇಸೆಲ್ಲಿದೆ? ಭೀಮನಬೀಡಿನ ತಮ್ಮನ ತೋಟದಲ್ಲಿ ಬಾಳೆಗೊನೆ ಕಳುವಾಗಿದೆ ಎಂದು ಕೇಳಿ, ಭೂತಗನ್ನಡಿ, ಟೇಪು, ಬ್ರಷ್ಷು ಹಿಡಿದು ಆಟೋದಲ್ಲಿ ಓಡಿದರು. ತಲುಪುವಷ್ಟರಲ್ಲಿ ಗೊನೆ ಕಡಿದವನು ತಾನಾಗಿಯೇ ಬಂದು, ಪಕ್ಕದ ತೋಟದ್ದೆಂದುಕೊಂಡು ಕಡಿದೆ ಎಂದು ಹೇಳಿ, ಕಾಫಿ ಕುಡಿಯುತ್ತ ಕೂತಿದ್ದ. “ಒಂದ್ ಗಂಟೆ ತಡೀಬಾರ್ದಾಗಿತ್ತಾ?” ಎಂದು ದೊಡ್ಡಮ್ಮ ಅವನನ್ನು ಬೈದು ಬಂದರು.

ಇಂಥ ಸಮಯದಲ್ಲಿ ನನ್ನ ಫೋಟೋ ಕಾಣೆಯಾಯಿತು.

ಅದು ಮದುವೆಯ ಫೋಟೋ. ಅಂದರೆ ಮದುವೆಗಾಗಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಹರವೆಯ ಬ್ರೋಕರೊಬ್ಬರು ಒಳ್ಳೆಯ ಕಡೆಯ ಸಂಬಂಧವೊಂದನ್ನು ತಂದಿದ್ದರು. ಮೊಬೈಲಿನಲ್ಲಿ ಕಳಿಸುತ್ತೇವೆಂದರೆ ಒಪ್ಪಲಿಲ್ಲ. “ಮೊಬೈಲ್ ಫೋಟೋ ಎಲ್ಲಾ ಫಿಲ್ಟ್ರು ಕಣಮ್ಮ. ಗಂಡಿನ ಕಡೆಯೋರು ಕೈಲಿ ಹಿಡ್ಕಂಡ್ ನೋಡ್ಬೇಕು ಅಂತರೆ.” ನಮ್ಮ ಮನೆಯಲ್ಲಿ ಶುಭಕಾರ್ಯದ ಕಾಗದ ಏನೇ ಇರಲಿ, ಹೊರಗೆ ಕೊಡುವ ಮುನ್ನ ಒಂದು ದಿನ ದೇವರ ಗೂಡಿನಲ್ಲಿಡುವುದು ಪದ್ಧತಿ. ಫೋಟೋ ಮತ್ತು ವಿವರದ ಹಾಳೆ ಇದ್ದ ಲಕೋಟೆಯನ್ನು ಅಮ್ಮ ವಿಭೂತಿ ತಟ್ಟೆಯ ಪಕ್ಕ ಇಟ್ಟಿದ್ದರು. ಮರುದಿನ ಹತ್ತು ಗಂಟೆಗೆ ಬ್ರೋಕರು ಬಂದು ಕೂತರು. ಲಕೋಟೆ ಇರಲಿಲ್ಲ.

ಅಮ್ಮ ಅಳುವಂತಾದರು. ಅಪ್ಪ ಎರಡು ಸಲ ಸೋಫಾ ಎತ್ತಿ ನೋಡಿದರು. ದೊಡ್ಡಮ್ಮನ ಮುಖದಲ್ಲಿ ಮಾತ್ರ ಎಂಥ ಬೆಳಕು! “ಯಾರೂ ಮುಟ್ಬೇಡಿ,” ಎಂದು ಚೆಂಡುಹೂವಿನ ದಾರ ತರಲು ಓಡಿದರು. ನನ್ನ ಅಕ್ಷರ ದುಂಡಾಗಿರುವುದರಿಂದ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ನನಗೆ ಬಂತು.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಿಬಿಡಬೇಕು. ಲಕೋಟೆ ತೆಗೆದವಳು ನಾನೇ. ಬೆಳಗ್ಗೆ ಆರೂಕಾಲಕ್ಕೆ ತೆಗೆದೆ. ನಾನು ಹೇಳಿಕೆ ಬರೆಯುತ್ತಿದ್ದ ಹಾಳೆಗಳ ಕೆಳಗೆ ಆಸರೆಗೆಂದು ಇಟ್ಟುಕೊಂಡಿದ್ದ ಸಂಖ್ಯಾಶಾಸ್ತ್ರದ ಪುಸ್ತಕದೊಳಗೆ, ಇನ್ನೂರ ಹನ್ನೊಂದನೆಯ ಪುಟದಲ್ಲಿ ಅದಿತ್ತು. ಬೇಡವೆಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದರೆ ನಾಲ್ಕು ಜನ ಸುತ್ತ ಕೂತು ಕಾರಣ ಕೇಳುತ್ತಾರೆ. ಕಾರಣ ಇತ್ತು. ಅದು ನನ್ನದು, ಇಲ್ಲೂ ಬರೆಯುವುದಿಲ್ಲ.

ದೊಡ್ಡಮ್ಮ ಮೊದಲು ಅಮ್ಮನನ್ನು ವಿಚಾರಿಸಿದರು. ಆರಕ್ಕೆ ದೀಪ ಹಚ್ಚುವಾಗ ಲಕೋಟೆ ಇತ್ತು ಎಂದರು ಅಮ್ಮ. ಆಮೇಲೆ ಅಪ್ಪನನ್ನು. “ಆರರಿಂದ ಏಳರ ತನಕ ಎಲ್ಲಿದ್ರಿ?” ಎಂದರೆ ಅಪ್ಪ, “ಅತ್ಗೆ, ಬಾತ್‌ರೂಮ್ನಲ್ಲಿದ್ದೆ. ಸಾಕ್ಷಿ ಬೇಕಾ?” ಎಂದರು. ನಾನು ‘ಸಾಕ್ಷಿ ಅನಗತ್ಯ’ ಎಂದು ಬರೆದುಕೊಂಡೆ. ಆಮೇಲೆ ದೊಡ್ಡಮ್ಮ ಟಾರ್ಚು ಹಿಡಿದು ದೇವರ ಗೂಡಿಗೆ ಬಗ್ಗಿದರು. ಆ ಬೆಳಕು ಬಿದ್ದಾಗಲೇ ನನಗೂ ಕಂಡದ್ದು.

ಲೋಕದ ಯಾವ ಕಳ್ಳರೂ ಮಾಡದ ತಪ್ಪನ್ನು ನಾನು ಮಾಡಿದ್ದೆ. ಸ್ನಾನ ಮಾಡಿ ದೇವರ ಮುಂದೆ ನಿಂತ ಕೈ, ಹುಟ್ಟಿದಂದಿನ ಅಭ್ಯಾಸದಂತೆ, ಮೊದಲು ವಿಭೂತಿ ಹಚ್ಚಿಕೊಂಡು ಆಮೇಲೆ ಕಳವಿಗೆ ಹೊರಟಿತ್ತು. ಲಕೋಟೆಗೆ ಕೈ ಚಾಚುವಾಗ ಆ ಮೂರು ಬೆರಳನ್ನು ಗೂಡಿನ ಕಡಪ ಕಲ್ಲಿಗೆ ಊರಿದ್ದೆ. ಕಪ್ಪು ಕಲ್ಲಿನ ಮೇಲೆ ಬಿಳಿಯ ಮೂರು ಅಚ್ಚು. ನಡುವಿನದರ ಸುರುಳಿಯನ್ನು ಒಂದು ಗೆರೆ ಅಡ್ಡ ಸೀಳಿತ್ತು.

ದೊಡ್ಡಮ್ಮ ಭೂತಗನ್ನಡಿ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ನನ್ನ ಪೆನ್ನು ಹಾಳೆಯ ಮೇಲೆ ನಿಂತಲ್ಲೇ ಶಾಯಿ ಹನಿಸಿತು.

“ಏನಾದ್ರೂ ಸಿಕ್ತಾ?” ಎಂದು ದೊಡ್ಡಪ್ಪ ಬಾಗಿಲಿಂದ ಕೇಳಿದರು.

“ನೋಡ್ತಾ ಇವ್ನಿ. ಮೊದ್ಲು ಎಲ್ಲಾರೂ ಉಣ್ಣಿ. ಹೊಟ್ಟೆ ಹಸ್ಕಂಡು ತನಿಖೆ ಮಾಡ್ಬಾರ್ದು.”

ಉಂಡೆವು. ಊಟ ಮುಗಿಸಿ ಬಂದು ನೋಡಿದರೆ ಕಡಪ ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು! ಅಮ್ಮನ ಕೈಯಲ್ಲಿ ಸದಾ ಒರಸುವ ಬಟ್ಟೆ ಇರುತ್ತದೆ. ಅವರೇ ಗೊತ್ತಿಲ್ಲದೆ ಒರಸಿಬಿಟ್ಟಿದ್ದಾರೆ ಎಂದುಕೊಂಡು ಮನಸ್ಸಿನಲ್ಲೇ ಆ ಬಟ್ಟೆಗೆ ನಮಸ್ಕಾರ ಮಾಡಿದೆ. ದೊಡ್ಡಮ್ಮ ಅಮ್ಮನ ಮೇಲೆ ರೇಗಾಡುತ್ತಾರೆಂದು ಕಾದೆ, ರೇಗಾಡಲಿಲ್ಲ. ಸ್ಟ್ಯಾಂಪ್ ಪ್ಯಾಡು ತಂದು ನೇರವಾಗಿ ಬ್ರೋಕರ ಮುಂದೆ ಕೂತರು.

“ಕೈ ಕೊಡಿ.”

“ನಾನ್ಯಾಕಮ್ಮ? ನಾನು ಬಂದಿದ್ದೇ ಹತ್ ಗಂಟೆಗೆ.”

“ಅದ್ನೆ ಎಲ್ಲಾರೂ ಹೇಳೋದು.”

ಹತ್ತು ಬೆರಳಿಗೂ ಮಸಿ ಹಚ್ಚಿ, ಒಂದೊಂದನ್ನೂ ಹೊರಳಿಸಿ ಅಚ್ಚು ತೆಗೆದರು. ಎಡಗೈ ಸರಿಯಾಗಿ ಮೂಡಲಿಲ್ಲವೆಂದು ಮತ್ತೊಮ್ಮೆ ತೆಗೆದರು. ಕೊನೆಗೆ ಎದ್ದು ನಿಂತು ಎದುರು ಮುಖ, ಪಕ್ಕದ ಮುಖ ತೋರಿಸಿ ಎಂದಾಗ ಅವರ ತಾಳ್ಮೆ ತಪ್ಪಿತು. “ನಂಟಸ್ತನ ಕುದುರ್ಸಕ್ಕೆ ಬಂದೋನ್ನ ಕಳ್ಳನ್ ಮಾಡ್ಬುಟ್ರಲ್ಲ. ಈ ಮನೆ ಸಾವಾಸ ಸಾಕು, ನಿಮ್ ಹೆಣ್ಣಿಗೆ ನೀವೇ ನೋಡ್ಕಳಿ,” ಎಂದು ಮಸಿಗೈಯಲ್ಲೇ ಬಸ್ಸು ಹತ್ತಿದರು. ಆಮೇಲೆ ನಮ್ಮ ಬೀದಿಯ ಕಡೆ ತಲೆ ಹಾಕಿಲ್ಲ.

ಹದಿನೈದು ದಿನ ಕಳೆದ ಮೇಲೆ ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡು ಕೇಸ್ ಡೈರಿ ಬರೆಸಿದರು. ಸ್ಥಳದ ನಕ್ಷೆ, ಹೇಳಿಕೆಗಳು, ಎಲ್ಲ ಅಚ್ಚುಕಟ್ಟು. ‘ಸ್ಥಳದಲ್ಲಿ ಹೋಲಿಕೆಗೆ ಯೋಗ್ಯವಾದ ಬೆರಳಚ್ಚು ಲಭ್ಯವಿಲ್ಲ.’ ಬರೆದೆ. ‘ಕೃತ್ಯದ ಉದ್ದೇಶ: ತಿಳಿದುಬಂದಿಲ್ಲ.’ ಬರೆದೆ. ‘ಆರೋಪಿ ಪತ್ತೆಯಾಗದ ಕಾರಣ ಸಿ ರಿಪೋರ್ಟು ಸಲ್ಲಿಸಲಾಗಿದೆ.’ ಅಲ್ಲಿ ನನ್ನ ಕೈ ನಿಂತಿತು. ಸುಳ್ಳು ಕೇಸಿಗೆ ಬಿ ರಿಪೋರ್ಟು, ಪತ್ತೆಯಾಗದ್ದಕ್ಕೆ ಸಿ ರಿಪೋರ್ಟು. ಸಿ ಎಂದರೆ ಅಂಕವೂ ಇಲ್ಲ, ಡಿಪ್ಲೊಮಾವೂ ಇಲ್ಲ.

“ದೊಡ್ಡಮ್ಮ, ಅರವತ್ತು ಬರಲ್ಲ.”

“ಸಿಕ್ದೆ ಇರೋ ಕಳ್ಳನ್ನ ಎಲ್ಲಿಂದ ತರ್ಲಿ? ಬರಿ.”

ನಾನು ಒಪ್ಪಿಕೊಂಡರೆ ಅವರಿಗೆ ಸೂಕ್ಷ್ಮದರ್ಶಕ. ಒಪ್ಪಿಕೊಳ್ಳದಿದ್ದರೆ ನನಗೆ ನೆಮ್ಮದಿ. ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವರು, “ಪೂರ್ಣವಿರಾಮ ಹಾಕು,” ಎಂದರು. ಹಾಕಿದೆ. ಇದಕ್ಕಿಂತ ನಾಚಿಕೆಗೇಡಿನ ಪೂರ್ಣವಿರಾಮವನ್ನು ನಾನು ಈವರೆಗೆ ಹಾಕಿಲ್ಲ.

ಡೈರಿ ಒಪ್ಪಿಸುವ ದಿನ ನನ್ನ ಪಾಠ ಬೇಗ ಮುಗಿದಿತ್ತು. ಅವರ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಒಬ್ಬೊಬ್ಬರೂ ಮುಂದೆ ನಿಂತು ಹೇಳಬೇಕು, ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ. ಸಂತೆಮರಹಳ್ಳಿಯವನು ಕೋಳಿ ಕದ್ದವರನ್ನು ಹಿಡಿದಿದ್ದ, ಚಪ್ಪಾಳೆ ಬಿತ್ತು. ಆಮೇಲೆ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ನಿಂತರು. ಮೇಷ್ಟ್ರು ಡೈರಿ ತಿರುವಿದರು.

“ಕಡಪ ಕಲ್ಲಿನ ಗೂಡು ಅಂತ ಬರೆದಿದ್ದೀರಿ. ವಿಭೂತಿ ತಟ್ಟೆ ಪಕ್ಕದಲ್ಲೇ ಇತ್ತು ಅಂತಾನೂ ಬರೆದಿದ್ದೀರಿ. ಕರೀ ಕಲ್ಲು, ಬಿಳೀ ಬೂದಿ. ದೇವರೇ ಪೌಡರ್ ಹಾಕಿ ಕೊಟ್ಟ ಹಾಗಿದೆಯಲ್ಲಮ್ಮ. ಒಂದು ಅಚ್ಚೂ ಸಿಗಲಿಲ್ಲವಾ?”

“ಒರಸ್ಬುಟ್ಟಿದ್ರು ಸಾರ್.”

“ಯಾರು?”

ಅಮ್ಮನ ಹೆಸರು ಬರುತ್ತದೆಂದು ನಾನು ಕಾದೆ.

“ನಾನೇ ಸಾರ್.”

ಮೇಷ್ಟ್ರು ಕನ್ನಡಕ ತೆಗೆದರು. “ತನಿಖಾಧಿಕಾರೀನೇ ಒರಸಿದ್ರಾ? ಯಾಕೆ?”

“ಅಭ್ಯಾಸ ಸಾರ್. ಮನೇಲಿರೋ ಹೆಂಗಸು. ಬೂದಿ ಕಂಡ್ರೆ ಕೈ ಸುಮ್ನಿರಕ್ಕಿಲ್ಲ.”

ಹದಿನೇಳು ಹುಡುಗರೂ ನಕ್ಕರು. ಮೇಷ್ಟ್ರೂ ನಕ್ಕರು. ಹಾಲು ಉಕ್ಕಿದ ನೆಲವನ್ನು ಮೂರು ಗಂಟೆ ಯಾರಿಗೂ ಮುಟ್ಟಗೊಡದಿದ್ದ ಹೆಂಗಸು ಅವರ ನಡುವೆ ತಲೆ ಬಗ್ಗಿಸಿ ನಿಂತು, ತಾವೂ ಸ್ವಲ್ಪ ನಕ್ಕರು. ಮೇಷ್ಟ್ರು ಅಂಕ ಹಾಕಿದರು. ಒಟ್ಟು ಐವತ್ತಾರು.

ಬಸ್ಸಿನಲ್ಲಿ ಅವರು ಎಂದಿನಂತೆ ಆರಾಮವಾಗಿ ಕೂತರು. ನನಗೆ ಆಗ ಒಂದೊಂದೇ ಜೋಡಣೆಯಾಗತೊಡಗಿತು. ಕಲ್ಲು ಒರಸಿದ್ದು ಊಟದ ಹೊತ್ತಿನಲ್ಲಿ. ಬ್ರೋಕರ ಬೆರಳಿಗೆ ಮಸಿ ಬಿದ್ದದ್ದು ಅದಾದ ಮೇಲೆ. ಹೋಲಿಸಲು ಏನೂ ಉಳಿದಿಲ್ಲದಾಗ ಆ ಮನುಷ್ಯನ ಬೆರಳು ಅವರಿಗೆ ಯಾಕೆ ಬೇಕಿತ್ತು? ಎಡಗೈಯನ್ನು ಎರಡೆರಡು ಸಲ?

“ದೊಡ್ಡಮ್ಮ, ಆ ಫೋಟೋ...”

“ಕೇಸು ಮುಗೀತು ಕಣಮ್ಮಿ.”

“ಡಿಪ್ಲೊಮಾ ಹೋಯ್ತಲ್ಲ.”

“ಮುಂದಿನ್ ವರ್ಷ ಇನ್ನೊಂದ್ ಸಲ ಬರೀತೀನಿ. ಆ ಯಂತ್ರ ಎಲ್ಲೂ ಓಡೋಗಕ್ಕಿಲ್ಲ. ಅಷ್ಟ್ರಲ್ಲಿ ಊರಲ್ಲಿ ಯಾರಾದ್ರೂ ಒಬ್ರು ಕದೀಲೇಬೇಕಲ್ಲ.” ಕಿಟಕಿಯ ಹೊರಗೆ ನೋಡಿದರು. ರಸ್ತೆಯ ಪಕ್ಕ ಹೆಂಗಸರು ಚೆಂಡುಹೂ ಕೊಯ್ದು ಚೀಲಕ್ಕೆ ತುಂಬುತ್ತಿದ್ದರು. “ನನ್ನದೂ ಒಂದ್ ಫೋಟೋ ಇತ್ತು. ಪಿಯುಸಿ ಅರ್ಜಿಗೆ ಅಂತ ಅಪ್ಪ ತೆಗೆಸಿದ್ದು. ಎರಡ್ ಜಡೆ ಹಾಕಿದ್ರು. ಅದು ಕಾಲೇಜಿಗೆ ಓಗ್ಲಿಲ್ಲ, ಸೀದಾ ನಿಮ್ ದೊಡ್ಡಪ್ಪನ ಮನೆಗೆ ಬಂದ್ಬುಡ್ತು. ದಾರೀಲಿ ಎಲ್ಲೂ ಕಳ್ದೋಗ್ಲಿಲ್ಲ ನೋಡು.”

ದೂರುವ ದನಿಯಲ್ಲ. ಊರಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವಂಥ ದನಿ.

ತೆರಕಣಾಂಬಿ ದಾಟಿದ ಮೇಲೆ ನಾನು ಅವರಿಗೆ ಕಾರಣವನ್ನು ಹೇಳಲು ಶುರು ಮಾಡಿದೆ. ಯಾರಿಗೂ ಹೇಳಿರದಿದ್ದನ್ನು, ಮೊದಲಿನಿಂದ, ಒಂದೂ ಬಿಡದೆ ಹೇಳಿದೆ. ದೊಡ್ಡಮ್ಮ ನೋಟ್‌ಬುಕ್ಕು ತೆಗೆಯಲಿಲ್ಲ. ಯಾರು, ಎಲ್ಲಿ, ಎಷ್ಟು ಗಂಟೆಗೆ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗುಂಡ್ಲುಪೇಟೆ ಬರುವವರೆಗೂ ಮಾತಾಡಿದವಳು ನಾನೊಬ್ಬಳೇ.